ಆಟದೊಳಗೆ ಬೇಸ್ ಕೇಳಿಸದಿದ್ದಾಗ: ನಾನು ಮಾಡಿ ನೋಡಿದ ದಾರಿಗಳು

ರಾಕ್‌ಸ್ಮಿತ್ 2014 ಎಂಬುದು ನಿಜವಾದ ಗಿಟಾರನ್ನೋ ಬೇಸ್ ಗಿಟಾರನ್ನೋ ಕೇಬಲ್‌ನಿಂದ ಕಂಪ್ಯೂಟರ್‌ಗೋ ಕನ್ಸೋಲ್‌ಗೋ ಜೋಡಿಸಿ ಹಾಡಿನ ಜೊತೆ ನುಡಿಸುವ ವಿಡಿಯೋ ಗೇಮ್. ಅದರಲ್ಲಿ ಗಿಟಾರ್ ನುಡಿಸುವಾಗ ಎಲ್ಲವೂ ಸರಿಯಾಗಿಯೇ ಕೇಳಿಸುತ್ತದೆ. ಅದೇ ಕೇಬಲ್‌ಗೆ ಬೇಸ್ ಸಿಕ್ಕಿಸಿ ನೋಡಿ, ನಿಮ್ಮ ನುಡಿಕೆ ಹಾಡಿನ ಅಡಿಗೆ ಸಿಕ್ಕಿ ಮಾಯವಾಗಿರುತ್ತದೆ. ಇದಕ್ಕೆ ಮದ್ದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆಟಕ್ಕೆ ನಿಮ್ಮ ಬೇಸ್ ಕೇಳಿಸುತ್ತಿಲ್ಲವೋ, ನಿಮ್ಮ ಕಿವಿಗೆ ಕೇಳಿಸುತ್ತಿಲ್ಲವೋ ಎಂದು ಕೇಳುವವರು ಕಡಿಮೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಪತ್ತೆ ಮಾಡುವುದು ಸುಲಭ. ಆಟದ ಟ್ಯೂನರ್ ತೆರೆದು ದಪ್ಪ ಇ ತಂತಿಯನ್ನು ಮೀಟಿ. ಸೂಚಕ ತಡವರಿಸದೆ ನಿಂತರೆ, ಹಾಡಿನಲ್ಲೂ ನೀವು ನುಡಿಸಿದ ಸ್ವರಗಳನ್ನು ಆಟ ಸರಿ ಎಂದು ಒಪ್ಪಿಕೊಳ್ಳುತ್ತಿದ್ದರೆ, ಒಳಹೋಗುವ ಸಿಗ್ನಲ್ ಸಾಕಷ್ಟಿದೆ ಎಂದರ್ಥ. ಆಗ ಕೆಲಸ ಇರುವುದು ಹೊರಬರುವ ಕಡೆ. ನನ್ನದು ಈ ಎರಡನೆಯ ಬಗೆ. ನಾನು ಕಂಡಂತೆ ಬಹುಪಾಲು ಜನರದೂ ಅದೇ.

ಮೊದಲ ಜೋಡಿ: ವಿಂಡೋಸ್‌ನ ರೆಕಾರ್ಡಿಂಗ್ ಲೆವೆಲ್ ಮತ್ತು ಆಟದ ಮಿಕ್ಸರ್. ಎಲ್ಲರ ಕೈ ಮೊದಲು ಹೋಗುವುದು ರೆಕಾರ್ಡಿಂಗ್ ಲೆವೆಲ್ ಕಡೆಗೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಗಿಟಾರ್ ಕೇಬಲ್ ಹುಡುಕಿ ಲೆವೆಲ್ ಏರಿಸಿದರೆ ದನಿ ಜೋರಾಗುವುದು ನಿಜ, ಜೊತೆಗೆ ಗುಂಯ್‌ಗುಡುವ ಸದ್ದೂ ಏರುತ್ತದೆ. ಜೋರಾಗಿ ಮೀಟಿದಾಗ ಸಿಗ್ನಲ್‌ನ ತಲೆ ಕತ್ತರಿಸಿಹೋಗಿ ಸ್ವರ ಒಡೆದು ಕೇಳಿಸುತ್ತದೆ, ಸುಮ್ಮನಿರಬೇಕಾದ ತಂತಿಯ ಕಂಪನವನ್ನೂ ಆಟ ಸ್ವರವೆಂದು ಎಣಿಸಿಬಿಡುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಮತ್ತೆ ಕ್ಯಾಲಿಬ್ರೇಶನ್ (ವಾದ್ಯದ ಸಿಗ್ನಲ್ ಎಷ್ಟಿದೆ ಎಂದು ಆಟ ಅಳೆದು ಹೊಂದಿಸಿಕೊಳ್ಳುವುದು) ಮಾಡಿದರೆ ನೀವಿಟ್ಟ ಅಂಕಿಯನ್ನು ಆಟ ತನಗೆ ಬೇಕಾದಂತೆ ಬದಲಿಸುತ್ತದೆ. ಆದ್ದರಿಂದ ಆ ಸ್ಲೈಡರ್ ಮುಟ್ಟುವ ಬದಲು ಕ್ಯಾಲಿಬ್ರೇಶನ್ನನ್ನೇ ನೆಟ್ಟಗೆ ಮಾಡುವುದು ವಾಸಿ: ಬೇಸ್‌ನ ವಾಲ್ಯೂಮ್ ನಾಬ್ ಪೂರ್ತಿ ತಿರುಗಿಸಿ, ಹಾಡಿನಲ್ಲಿ ನುಡಿಸುವಷ್ಟೇ ಬಲದಿಂದ ಮೀಟಿ. ಗಿಟಾರ್ ತೆಗೆದು ಬೇಸ್ ಹಾಕಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ಮಿಕ್ಸರ್‌ನ ಗುಟ್ಟು ಇರುವುದು ಇಳಿಸುವುದರಲ್ಲಿ. ಆಟಗಾರನ ವಾದ್ಯದ ಸ್ಲೈಡರ್ ಪೂರ್ತಿ ಮೇಲಿಟ್ಟು, ಹಾಡಿನ ಸ್ಲೈಡರನ್ನು ಅರ್ಧಕ್ಕೋ ಇನ್ನೂ ಕೆಳಕ್ಕೋ ಎಳೆದು, ಒಟ್ಟು ದನಿಯನ್ನು ಸ್ಪೀಕರ್‌ನಲ್ಲೋ ಆಂಪ್ಲಿಫೈಯರ್‌ನಲ್ಲೋ ಏರಿಸಬೇಕು. ಮೂಲ ರೆಕಾರ್ಡಿಂಗ್‌ನಲ್ಲೇ ಒಬ್ಬ ಬೇಸ್ ವಾದಕ ಇರುತ್ತಾನಲ್ಲ, ನಿಮ್ಮದನ್ನು ಮುಚ್ಚಿಹಾಕುವವನು ಮುಖ್ಯವಾಗಿ ಅವನೇ. ಹಾಡು ಇಳಿದಾಗ ಅವನೂ ಇಳಿಯುತ್ತಾನೆ. ಖರ್ಚಿಲ್ಲ, ಅಪಾಯವಿಲ್ಲ. ಈ ಜೋಡಿಯಲ್ಲಿ ಮಿಕ್ಸರ್ ಗೆದ್ದಿತು, ಅದೂ ಸುಲಭವಾಗಿ.

ಎರಡನೆಯ ಜೋಡಿ ಸ್ಪೀಕರ್ ಮತ್ತು ಹೆಡ್‌ಫೋನ್. ಬೇಸ್‌ನ ತೆರೆದ ಇ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಜ್, ಗಿಟಾರ್‌ನ ಇ 82 ಹರ್ಟ್ಜ್. ಟಿವಿಯ ಸಣ್ಣ ಸ್ಪೀಕರ್‌ಗಳು, ಲ್ಯಾಪ್‌ಟಾಪ್ ಸ್ಪೀಕರ್‌ಗಳು 41 ಹರ್ಟ್ಜ್ ಹೊರಡಿಸಲಾರವು. ನಿಮಗೆ ಕೇಳಿಸುವುದು ಅದರ ಜೊತೆಗೇ ಹುಟ್ಟುವ ಮೇಲಿನ ಅನುಸ್ವರಗಳು ಮಾತ್ರ. ಸಾಲದ್ದಕ್ಕೆ ಮನುಷ್ಯನ ಕಿವಿಯೂ ಕೆಳಗಿನ ಸ್ವರಗಳಿಗೆ ಅಷ್ಟು ಚುರುಕಲ್ಲ. ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ವಕ್ರರೇಖೆಗಳಲ್ಲಿ ತೋರಿಸಿದ್ದಾರೆ: ಒಟ್ಟು ದನಿ ಸಣ್ಣದಿದ್ದಷ್ಟೂ ಬೇಸ್ ಹೆಚ್ಚು ಸೊರಗುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ನುಡಿಸುವವರಿಗೆ ಬೇಸ್ ಸಿಗದಿರುವುದು ಇದರಿಂದಲೇ, ಆಟವನ್ನು ಬೈದು ಫಲವಿಲ್ಲ. ಕಿವಿ ಮುಚ್ಚುವಂಥ ತಂತಿಯ ಹೆಡ್‌ಫೋನ್ ಹಾಕಿದಾಗ ನನಗೆ ಕಂಡ ವ್ಯತ್ಯಾಸ ಯಾವ ಸೆಟ್ಟಿಂಗ್ ಬದಲಿಸಿದಾಗಲೂ ಕಾಣಲಿಲ್ಲ. ಬ್ಲೂಟೂತ್ ಮಾತ್ರ ಬೇಡ. ಮೀಟಿದ ಮೇಲೆ ಸ್ವರ ಬರುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ.

ಹೆಡ್‌ಫೋನ್ ಇಲ್ಲದಿದ್ದರೆ, ವಾದ್ಯದ ದನಿಯ ಬಣ್ಣ ಬದಲಿಸಲು ಆಟದಲ್ಲಿರುವ ಟೋನ್ ಡಿಸೈನರ್‌ಗೆ ಹೋಗಿ. ಅಲ್ಲಿ ಬೇಸ್ ನಾಬನ್ನು, ಅಂದರೆ ತೀರಾ ಕೆಳಗಿನ ಸ್ವರಗಳನ್ನು, ಏರಿಸುವವರೇ ಎಲ್ಲರೂ. ಸಣ್ಣ ಸ್ಪೀಕರ್‌ಗೆ ಆಗದ ಕೆಲಸವನ್ನು ಇನ್ನಷ್ಟು ಒತ್ತಿ ಹೇಳಿದರೆ ಅದು ಗೊರಗುಡುತ್ತದೆ, ಅಷ್ಟೆ. ಮಿಡ್ (ನಡುವಿನ ಸ್ವರಗಳು) ಏರಿಸಿ, ಜೋರು ಮತ್ತು ಮೆಲು ದನಿಗಳ ಅಂತರ ತಗ್ಗಿಸುವ ಒಂದು ಕಂಪ್ರೆಸರ್ ಹಾಕಿ, ಬೇಕೆಂದರೆ ದನಿಯನ್ನು ತುಸು ಒಡೆಯುವ ಡ್ರೈವ್ ಚಿಟಿಕೆಯಷ್ಟು ಸೇರಿಸಿ. ಅನುಸ್ವರಗಳು ಎದ್ದು ಬಂದು ಬೇಸ್ ಮುಂದೆ ನಿಲ್ಲುತ್ತದೆ. ದನಿಯ ಬಣ್ಣ ತುಸು ಒರಟಾಗುತ್ತದೆ, ನನಗೇನೂ ತೊಂದರೆ ಎನಿಸಲಿಲ್ಲ.

ಸಣ್ಣ ದೊಡ್ಡ ದನಿಗಳನ್ನು ಸಮಮಾಡುವ ವಿಂಡೋಸ್‌ನ ಲೌಡ್‌ನೆಸ್ ಈಕ್ವಲೈಸೇಶನ್ ಆನ್ ಮಾಡಿ ಎಂಬ ಸಲಹೆಯೂ ಇದೆ. ಆಟ ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿ (ಸೌಂಡ್ ಸಾಧನವನ್ನು ತಾನೊಂದೇ ಹಿಡಿದುಕೊಂಡು) ಓಡುವಾಗ ವಿಂಡೋಸ್‌ನ ಇಂಥ ಸಂಸ್ಕರಣೆಯನ್ನೆಲ್ಲ ದಾಟಿ ಹೋಗುವುದರಿಂದ ಅದು ನಿರುಪಯೋಗಿ. ಆಟದ ಸೆಟ್ಟಿಂಗ್‌ಗಳಿರುವ ಐಎನ್‌ಐ ಕಡತದಲ್ಲಿ ದನಿಯ ವಿಳಂಬ ಹೊಂದಿಸುವ ಲೇಟೆನ್ಸಿ ಬಫರ್‌ಗೂ ದನಿಯ ಮಟ್ಟಕ್ಕೂ ಸಂಬಂಧವಿಲ್ಲ.

ಇನ್ನು ಒಳಹೋಗುವ ಸಿಗ್ನಲ್ಲೇ ಬಡವಾಗಿರುವವರ ಪಾಡು. ಮೊದಲು ಬೇಸನ್ನೇ ನೋಡಿ. ಬ್ಯಾಟರಿಯಿಂದ ನಡೆಯುವ ಆಕ್ಟಿವ್ ಬೇಸ್ ಆದರೆ 9 ವೋಲ್ಟ್ ಬ್ಯಾಟರಿ ಸೋತಿರಬಹುದು. ಬ್ಯಾಟರಿಯಿಲ್ಲದ ಪ್ಯಾಸಿವ್ ಆದರೆ, ಕಂಪನ ಹಿಡಿಯುವ ಆಯಸ್ಕಾಂತದ ಪಿಕಪ್, ತಂತಿಯಿಂದ ತೀರಾ ಕೆಳಗಿರಬಹುದು. ಸ್ಕ್ರೂ ತಿರುಗಿಸಿ ಸ್ವಲ್ಪ ಮೇಲೆತ್ತಿ, ಅತಿಯಾದರೆ ಆಯಸ್ಕಾಂತ ತಂತಿಯನ್ನು ಎಳೆದು ಶ್ರುತಿ ಕೆಡಿಸುತ್ತದೆ. ಇಷ್ಟಕ್ಕೂ ಸಾಲದಿದ್ದರೆ ಎರಡು ದಾರಿ. ಬೇಸ್ ಮತ್ತು ಕೇಬಲ್ ನಡುವೆ ದನಿ ಕೆಡಿಸದೆ ಸಿಗ್ನಲ್ ಏರಿಸುವ ಕ್ಲೀನ್ ಬೂಸ್ಟ್ ಪೆಡಲ್ ಇಡುವುದು ಒಂದು. ವಾದ್ಯದ ಸಿಗ್ನಲ್ಲನ್ನು ಕಂಪ್ಯೂಟರ್‌ಗೆ ಒಯ್ಯುವ, ಗೇನ್ (ಸಿಗ್ನಲ್ ಏರಿಸುವ) ನಾಬ್ ಇರುವ ಆಡಿಯೋ ಇಂಟರ್‌ಫೇಸ್ ತಂದು ಆರ್‌ಎಸ್ ಏಸಿಯೋ ಎಂಬ ಮುಕ್ತ ತಂತ್ರಾಂಶದ ಮೂಲಕ ಆಟಕ್ಕೆ ಜೋಡಿಸುವುದು ಇನ್ನೊಂದು. ಪೆಡಲ್ ಸಿಕ್ಕಿಸಿದರೆ ಮುಗಿಯಿತು. ಇಂಟರ್‌ಫೇಸ್‌ಗೆ ಡ್ರೈವರ್ ಹೆಸರು, ಚಾನೆಲ್ ಎಂದೆಲ್ಲ ಕಡತದಲ್ಲಿ ಬರೆಯಬೇಕು, ತಾಳ್ಮೆ ಬೇಕು. ಆದರೆ ವಿಳಂಬವೂ ತಗ್ಗುವುದರಿಂದ ವಿಂಡೋಸ್ ಕಂಪ್ಯೂಟರ್‌ನಲ್ಲಿ ಆಡುವವರು ಇಂಟರ್‌ಫೇಸನ್ನೇ ಆರಿಸಲಿ. ಕನ್ಸೋಲ್‌ನವರಿಗೆ ಪೆಡಲೇ ಗತಿ.

ಕೊನೆಗೆ ನಾನು ನಿಂತದ್ದು ಬೇರೆಯೇ ಕಡೆ. ಬೇಸ್‌ನ ಸಿಗ್ನಲ್ಲನ್ನು ಬಫರ್ ಇರುವ (ಹಂಚಿದರೂ ಸಿಗ್ನಲ್ ಸೊರಗದಂತೆ ಕಾಯುವ) ಸ್ಪ್ಲಿಟರ್‌ನಲ್ಲಿ ಎರಡಾಗಿಸಿ, ಒಂದನ್ನು ಆಟದ ಕೇಬಲ್‌ಗೆ, ಇನ್ನೊಂದನ್ನು ಬೇಸ್ ಆಂಪ್‌ಗೆ ಕೊಟ್ಟೆ. ಮಿಕ್ಸರ್‌ನಲ್ಲಿ ನನ್ನ ವಾದ್ಯ ಸೊನ್ನೆ. ಆಟ ಕೇಳಿಸಿಕೊಂಡು ಅಂಕ ಹಾಕುತ್ತದೆ, ದನಿ ಬರುವುದು ಆಂಪ್‌ನಿಂದ, ಬೆರಳು ಮೀಟಿದ ಕ್ಷಣಕ್ಕೇ. ಹಾಡಿನಲ್ಲಿ ತಾನಾಗಿ ಬದಲಾಗುವ ಟೋನ್‌ಗಳು ಮಾತ್ರ ಸಿಗುವುದಿಲ್ಲ. ಗಿಟಾರ್‌ನಲ್ಲಾದರೆ ಅದು ನಷ್ಟವೇ, ಬೇಸ್‌ನಲ್ಲಿ ನನಗೆ ಅದರ ನೆನಪೂ ಬರಲಿಲ್ಲ. ಆಂಪ್ ಇಲ್ಲದವರು ಮಿಕ್ಸರ್‌ನಲ್ಲಿ ಹಾಡು ಇಳಿಸಿ ಹೆಡ್‌ಫೋನ್ ಹಾಕಿಕೊಳ್ಳಿ. ಇಬ್ಬರು ಕೂತು ಆಡುವುದಿದ್ದರೆ ಮಿಕ್ಸರ್‌ನಲ್ಲಿ ಇಬ್ಬರಿಗೂ ಬೇರೆ ಬೇರೆ ಸ್ಲೈಡರ್ ಇದೆ, ಗಿಟಾರ್‌ನವರದನ್ನು ಮೊದಲು ತಗ್ಗಿಸಿ.