ಯಾರೋ ಕಾಣೆಯಾದರು ಎಂದಾಗ ಕೂತಲ್ಲೇ ಪತ್ತೇದಾರರಾಗಬೇಡಿ: ಟೆನೆರಿಫೆಯಲ್ಲಿ ಆದದ್ದು ಇದು

2024ರ ಜೂನ್‌ನಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರ್‌ನ 19 ವರ್ಷದ ಯುವಕನೊಬ್ಬ ಗೆಳೆಯರ ಜೊತೆ ಸಂಗೀತ ಉತ್ಸವಕ್ಕೆಂದು ಸ್ಪೇನಿನ ಟೆನೆರಿಫೆ ದ್ವೀಪಕ್ಕೆ ಹೋಗಿದ್ದ. ಉತ್ಸವದ ರಾತ್ರಿ ಕಳೆದು, ಜೂನ್ 17ರ ನಸುಕಿನಲ್ಲಿ, ಅಲ್ಲಿ ಸಿಕ್ಕಿದ್ದ ಇಬ್ಬರ ಕಾರಿನಲ್ಲಿ ದ್ವೀಪದ ವಾಯವ್ಯ ಮೂಲೆಯ ಮಾಸ್ಕಾ ಎಂಬ ಬೆಟ್ಟದ ಹಳ್ಳಿಗೆ ಹೋದ. ಅವರು ಬಾಡಿಗೆಗೆ ಹಿಡಿದಿದ್ದ ಮನೆ ಅಲ್ಲಿತ್ತು. ಬೆಳಿಗ್ಗೆ ತನ್ನ ರೂಮಿಗೆ ವಾಪಸ್ ಹೊರಟ. ಬಸ್ಸು ಹತ್ತು ಗಂಟೆಗೆ ಎಂದು ಊರಿನವರು ಹೇಳಿದರು, ಅವನು ಕಾಯದೆ ನಡೆದೇ ಹೊರಟ. ಎಂಟೂವರೆ ಸುಮಾರಿಗೆ ಗೆಳತಿಗೆ ಫೋನ್ ಮಾಡಿ, ದಾರಿ ತಪ್ಪಿದೆ, ಕುಡಿಯಲು ನೀರಿಲ್ಲ, ಫೋನಿನಲ್ಲಿ ಒಂದೇ ಪರ್ಸೆಂಟ್ ಚಾರ್ಜ್ ಉಳಿದಿದೆ ಎಂದ. 8:50ರ ಹೊತ್ತಿಗೆ ಫೋನ್ ಸಂಪರ್ಕ ಕಡಿಯಿತು.

ಜುಲೈ 15ರಂದು ಸ್ಪೇನಿನ ಗ್ವಾರ್ದಿಯಾ ಸಿವಿಲ್ ಪೊಲೀಸ್ ಪಡೆಯ ಪರ್ವತ ರಕ್ಷಣಾ ತಂಡಕ್ಕೆ ಮಾಸ್ಕಾದ ಕಂದರದಲ್ಲಿ ಅವನ ದೇಹ ಸಿಕ್ಕಿತು. ಫೋನ್ ಕೊನೆಯದಾಗಿ ಸಿಗ್ನಲ್ ಕೊಟ್ಟ ಜಾಗಕ್ಕೆ ಅದು ಹತ್ತಿರವೇ ಇತ್ತು. ಬೆರಳಚ್ಚಿನಿಂದ ಗುರುತು ಖಚಿತವಾಯಿತು. ಎತ್ತರದಿಂದ ಬಿದ್ದಾಗ ಆಗುವಂಥ ಗಾಯಗಳಿದ್ದವು. 2025ರ ಜುಲೈನಲ್ಲಿ ಲ್ಯಾಂಕಾಷೈರ್‌ನ ಮರಣ ವಿಚಾರಣಾಧಿಕಾರಿ ಇದು ಆಕಸ್ಮಿಕ ಸಾವು ಎಂದು ತೀರ್ಮಾನ ಕೊಟ್ಟರು.

ಆ ನಾಲ್ಕು ವಾರಗಳಲ್ಲಿ ಆನ್‌ಲೈನಿನಲ್ಲಿ ನಡೆದದ್ದನ್ನು ಸರಿಯಾಗಿ ತಿಳಿದುಕೊಳ್ಳಬೇಕು, ಯಾಕೆಂದರೆ ನಮ್ಮಲ್ಲೂ ಒಬ್ಬ ವಿದ್ಯಾರ್ಥಿ ಪಾರ್ಟಿಗೆ ಹೋಗಿ ಬರಲಿಲ್ಲ ಎಂಬ ಸುದ್ದಿ ಬಂದ ಕೂಡಲೇ ವಾಟ್ಸಾಪ್ ಗುಂಪುಗಳಲ್ಲಿ ಶುರುವಾಗುವುದು ಇದೇ ಆಟ. ಮಾದಕ ದ್ರವ್ಯದ ಗ್ಯಾಂಗ್ ಹಿಡಿದಿಟ್ಟಿದೆ ಎಂದರು. ಹಣ ಎತ್ತಲು ಮನೆಯವರೇ ಹೂಡಿದ ನಾಟಕ ಎಂದರು. ಗೆಳೆಯರ ಹಳೆಯ ಫೋಟೋಗಳನ್ನು ಜೂಮ್ ಮಾಡಿ ಮುಖಭಾವ ಓದಿದರು. ಲಕ್ಷಾಂತರ ಸದಸ್ಯರ ಫೇಸ್‌ಬುಕ್ ಗುಂಪುಗಳು ಹುಟ್ಟಿಕೊಂಡವು. ಕಾರಿನಲ್ಲಿ ಕರೆದೊಯ್ದ ಇಬ್ಬರ ಹೆಸರು, ಫೋಟೋ ಎಲ್ಲ ಕಡೆ ಹರಿದಾಡಿದವು. ಅವರಲ್ಲಿ ಒಬ್ಬನಿಗೆ ಹಿಂದೆ ಬೇರೆ ಪ್ರಕರಣದಲ್ಲಿ ಶಿಕ್ಷೆಯಾಗಿತ್ತು. ಅಷ್ಟೇ ಸಾಕಾಯಿತು ಜನಕ್ಕೆ. ಆ ಇಬ್ಬರಿಗೂ ಇದಕ್ಕೂ ಸಂಬಂಧ ಕಾಣುತ್ತಿಲ್ಲ ಎಂದು ಪೊಲೀಸರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗ ಎಲ್ಲಿದ್ದಾನೋ ಗೊತ್ತಿಲ್ಲದ ತಾಯಿಯ ಫೋನಿಗೆ ಅಪರಿಚಿತರಿಂದ ಸುಳ್ಳು ಸುದ್ದಿ, ಹೀನ ಮಾತು ಬರುತ್ತಲೇ ಇದ್ದವು.

ಈ ಊಹೆಗಳೆಲ್ಲ ಎಲ್ಲಿಂದ ಹುಟ್ಟಿದವು ಎಂದು ನೋಡಿದರೆ, ಬಹುಪಾಲು ಮೂರು ತಾಂತ್ರಿಕ ತಪ್ಪು ತಿಳಿವಳಿಕೆಗಳಿಂದ.

ಮೊದಲನೆಯದು ಫೋನಿನ ಕೊನೆಯ ಲೊಕೇಶನ್. ಅದು ನಕ್ಷೆಯ ಮೇಲಿನ ಒಂದು ಚುಕ್ಕಿ ಎಂದು ಜನ ನಂಬುತ್ತಾರೆ. ಆ ಜಾಗದಲ್ಲಿ ಹುಡುಕಿದರೂ ಸಿಗದಿದ್ದರೆ ಯಾರೋ ಸಾಗಿಸಿದ್ದಾರೆ ಎಂಬ ತೀರ್ಮಾನಕ್ಕೆ ಬರುತ್ತಾರೆ. ಟವರ್ ದಾಖಲೆ ಹೇಳುವುದು ಇಷ್ಟೇ: ಇಂಥ ಟವರಿನ ಇಂಥ ದಿಕ್ಕಿನ ಆಂಟೆನಾಕ್ಕೆ ಇಷ್ಟು ಹೊತ್ತಿಗೆ ಫೋನ್ ಸೇರಿಕೊಂಡಿತ್ತು. ಬೆಂಗಳೂರಿನಂಥ ಊರಿನಲ್ಲಿ ಅದು ಕೆಲವು ನೂರು ಮೀಟರ್ ಆದೀತು, ಬೆಟ್ಟಗುಡ್ಡದಲ್ಲಿ ಹಲವು ಕಿಲೋಮೀಟರ್ ಉದ್ದದ ಹೋಳು. ಕಣಿವೆಯಲ್ಲಿ ಹತ್ತಿರದ ಟವರ್ ಮರೆಯಾಗಿ ಎದುರು ಗುಡ್ಡದ ದೂರದ ಟವರ್ ಸಿಗುವುದೂ ಉಂಟು. ಮಾಸ್ಕಾ ಇರುವುದು ತೇನೊ ಗ್ರಾಮೀಣ ಉದ್ಯಾನದೊಳಗೆ. ಕಡಿದಾದ ಬಂಡೆ, ಮುಳ್ಳುಕಳ್ಳಿ, ಆಳವಾದ ಕಂದರ. ನಾಯಿ, ಡ್ರೋನ್, ಹೆಲಿಕಾಪ್ಟರ್ ಎಲ್ಲ ಬಳಸಿಯೂ ಇಂಥಲ್ಲಿ ಒಂದು ದೇಹ ವಾರಗಟ್ಟಲೆ ಕಣ್ಣಿಗೆ ಬೀಳದಿರಬಹುದು. ಮೇಲಿಂದ ನೋಡಿದರೆ ಬಂಡೆಯ ನೆರಳೇ ಮುಚ್ಚುತ್ತದೆ, ಕೆಳಗಿಂದ ಹತ್ತಲು ಹಗ್ಗ ಬೇಕು. ಹಾಗಾಗಿ ‘ಅಷ್ಟು ಹುಡುಕಿದರೂ ಸಿಗಲಿಲ್ಲವಲ್ಲ’ ಎನ್ನುವುದು ಅಪಹರಣಕ್ಕೆ ಪುರಾವೆಯಾಗುವುದಿಲ್ಲ.

ಎರಡನೆಯದು ಸಮಯ. ಟೆನೆರಿಫೆ ಸೇರಿರುವ ಕೆನರಿ ದ್ವೀಪಗಳ ಗಡಿಯಾರ ಸ್ಪೇನಿನ ಮುಖ್ಯ ಭೂಭಾಗಕ್ಕಿಂತ ಒಂದು ಗಂಟೆ ಹಿಂದೆ, ಬ್ರಿಟನ್ನಿಗೆ ಸಮ. ನಮ್ಮ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಅಲ್ಲಿಯ ಬೆಳಿಗ್ಗೆ 8:50 ಇಲ್ಲಿ ಮಧ್ಯಾಹ್ನ 1:20. ಸಿಸಿಟಿವಿ ರೆಕಾರ್ಡರಿನ ಗಡಿಯಾರವಂತೂ ಹತ್ತು ನಿಮಿಷ ಮುಂದೋ ಹಿಂದೋ ಇರುವುದು ಮಾಮೂಲು. ಪೊಲೀಸರು ದೃಶ್ಯ ತೆಗೆದುಕೊಳ್ಳುವಾಗ ಆ ವ್ಯತ್ಯಾಸವನ್ನು ಬರೆದುಕೊಳ್ಳುತ್ತಾರೆ, ಮನೆಯಲ್ಲಿ ಕೂತವರಿಗೆ ಅದು ಗೊತ್ತಿರುವುದಿಲ್ಲ. ‘ಫೋನ್ ಆಫ್ ಆದ ಮೇಲೂ ಅವನು ಕಾಣಿಸಿಕೊಂಡಿದ್ದಾನೆ’ ಎಂಬ ಥಿಯರಿ ಬಹಳ ಸಲ ಇಂಥ ಗೊಂದಲದ ಕೂಸು. ಟೆನೆರಿಫೆಯಲ್ಲಿ ಸ್ಯಾಂಟಿಯಾಗೊ ದೆಲ್ ತೇಯ್ದೆ ಊರಿನ ಒಂದು ಮಸುಕು ಸಿಸಿಟಿವಿ ಚಿತ್ರ ಹರಡಿ, ಅವನು ಬದುಕಿದ್ದಾನೆ ಎಂಬ ಆಸೆಯನ್ನು ದಿನಗಟ್ಟಲೆ ಜೀವಂತ ಇಟ್ಟಿತ್ತು. ಮನೆಯವರಿಗೆ ಅದು ಎಂಥ ಹಿಂಸೆ ಎಂದು ಯೋಚಿಸಿ.

ಮೂರನೆಯದು ಟಿಕ್ ಮಾರ್ಕು, ಹಸಿರು ಚುಕ್ಕಿ. ವಾಟ್ಸಾಪ್‌ನಲ್ಲಿ ಎರಡು ಬೂದು ಟಿಕ್ ಬಂದರೆ ಸಂದೇಶ ಆ ವ್ಯಕ್ತಿಯ ಫೋನಿಗೆ ಅಥವಾ ಅದಕ್ಕೆ ಜೋಡಿಸಿದ ಯಾವುದೋ ಸಾಧನಕ್ಕೆ ತಲುಪಿದೆ ಎಂದರ್ಥ. ಹಾಸ್ಟೆಲ್ ರೂಮಿನಲ್ಲಿ ತೆರೆದಿಟ್ಟ ಲ್ಯಾಪ್‌ಟಾಪೂ ಅದರಲ್ಲಿ ಸೇರಿತು. ಇನ್‌ಸ್ಟಾಗ್ರಾಮ್‌ನಲ್ಲಿ ಆ್ಯಕ್ಟಿವ್ ಎಂದು ಕಂಡರೆ ಅಣ್ಣನೋ ಅಕ್ಕನೋ ಸುಳಿವಿಗಾಗಿ ಅದೇ ಖಾತೆಗೆ ಲಾಗಿನ್ ಆಗಿರಬಹುದು. ಇವುಗಳ ಸ್ಕ್ರೀನ್‌ಶಾಟ್‌ಗೆ ಕೆಂಪು ಬಳೆ ಹಾಕಿ ಹಂಚಬೇಡಿ. ಪೊಲೀಸರಿಗೆ ಕೊಡಿ. ಹಿಂದಿರುವ ಸರ್ವರ್ ದಾಖಲೆ ತರಿಸಿಕೊಳ್ಳುವ ಅಧಿಕಾರ ಇರುವುದು ಅವರಿಗೆ.

ಇನ್ನು ನಷ್ಟದ ಲೆಕ್ಕ. ಪ್ರತಿ ಸುಳ್ಳು ಸುಳಿವನ್ನೂ ಯಾರಾದರೂ ಪರಿಶೀಲಿಸಲೇಬೇಕು, ಆ ಹೊತ್ತು ಹುಡುಕಾಟದ ಲೆಕ್ಕದಿಂದಲೇ ಕಳೆಯುತ್ತದೆ. ಲಕ್ಷಾಂತರ ಜನ ಚರ್ಚಿಸುತ್ತಿದ್ದ ಟೆನೆರಿಫೆ ಪ್ರಕರಣದಲ್ಲಿ, ಜೂನ್ 29ರಂದು ಪೊಲೀಸರು ದೊಡ್ಡ ಹುಡುಕಾಟಕ್ಕೆ ಸ್ವಯಂಸೇವಕರು ಬನ್ನಿ ಎಂದು ಕರೆದಾಗ ಬಂದವರು ಬೆರಳೆಣಿಕೆಯಷ್ಟು. ಮರುದಿನ ಬೆಟ್ಟದ ಹುಡುಕಾಟ ನಿಂತಿತು. ಕುಟುಂಬದ ನೆರವಿಗೆ ತೆರೆದ ನಿಧಿ ಐವತ್ತು ಸಾವಿರ ಪೌಂಡ್ ದಾಟುತ್ತಿದ್ದಂತೆ ಅದೇ ಹೆಸರಿನ ನಕಲಿ ಪುಟಗಳು ಎದ್ದವು. ಕೊನೆಯದಾಗಿ ನೋಡಿದವರನ್ನು ಜನ ಕೊಲೆಗಾರರೆಂದು ಕರೆದುಬಿಟ್ಟರೆ ಅವರು ಮಾತಾಡುವುದನ್ನೇ ನಿಲ್ಲಿಸುತ್ತಾರೆ. ತನಿಖೆಗೆ ಎಲ್ಲಕ್ಕಿಂತ ಬೇಕಾದದ್ದು ಅವರ ಮಾತೇ.

ಇದು ಒಂದೇ ಪ್ರಕರಣದ ಕಥೆಯಲ್ಲ. 2013ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಭಾರತೀಯ ಮೂಲದ 22 ವರ್ಷದ ವಿದ್ಯಾರ್ಥಿಯೊಬ್ಬ ಮಾರ್ಚ್‌ನಲ್ಲಿ ಕಾಣೆಯಾಗಿದ್ದ. ಅವನನ್ನು ಹುಡುಕಲು ಮನೆಯವರು ಒಂದು ಫೇಸ್‌ಬುಕ್ ಪುಟ ತೆರೆದಿದ್ದರು. ಏಪ್ರಿಲ್ 15ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ಶಂಕಿತನ ಫೋಟೋ ಇವನನ್ನೇ ಹೋಲುತ್ತದೆ ಎಂದು ರೆಡಿಟ್ ಎಂಬ ಚರ್ಚಾ ಜಾಲತಾಣದಲ್ಲಿ ಯಾರೋ ಹೇಳಿದರು, ರಾತ್ರಿ ಬೆಳಗಾಗುವುದರೊಳಗೆ ಅದು ಟ್ವಿಟರಿಗೆ ಹಬ್ಬಿತು. ದ್ವೇಷದ ಸಂದೇಶಗಳ ಹೊಡೆತಕ್ಕೆ ಮನೆಯವರು ಆ ಪುಟವನ್ನೇ ಇಳಿಸಬೇಕಾಯಿತು. ಮಗನನ್ನು ಹುಡುಕಲು ಇದ್ದ ಸಾಧನವೇ ಕೈತಪ್ಪಿತು. ಏಪ್ರಿಲ್ 23ರಂದು ಆ ವಿಶ್ವವಿದ್ಯಾಲಯವಿರುವ ಪ್ರಾವಿಡೆನ್ಸ್ ನಗರದ ನದಿಯಲ್ಲಿ ಅವನ ದೇಹ ಸಿಕ್ಕಿತು. ರೆಡಿಟ್ ಕ್ಷಮೆ ಕೇಳಿತು. 2025ರ ಮಾರ್ಚ್‌ನಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಪುಂಟಾ ಕಾನಾದ ಕಡಲತೀರದಲ್ಲಿ ರಾತ್ರಿ ಕಳೆದ ಭಾರತೀಯ ಮೂಲದ 20 ವರ್ಷದ ವಿದ್ಯಾರ್ಥಿನಿ ಕಾಣೆಯಾದಾಗ, ಕೊನೆಯದಾಗಿ ಅವಳ ಜೊತೆಗಿದ್ದ ಹುಡುಗನ ಮೇಲೆ ಇಡೀ ಅಂತರ್ಜಾಲವೇ ತೀರ್ಪು ಕೊಟ್ಟಿತು. ಪೊಲೀಸರು ಅವನನ್ನು ಆರೋಪಿಯೆಂದು ಹೆಸರಿಸಿರಲೇ ಇಲ್ಲ.

ಪೊಲೀಸರ ಪಾಲೂ ಇದರಲ್ಲಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. 2023ರ ಆರಂಭದಲ್ಲಿ ಅದೇ ಲ್ಯಾಂಕಾಷೈರ್‌ನಲ್ಲಿ ನದಿದಂಡೆಯಲ್ಲಿ ನಾಯಿ ಜೊತೆ ಹೋಗಿದ್ದ ಮಹಿಳೆಯೊಬ್ಬರು ಕಾಣೆಯಾದಾಗ ವಿಡಿಯೋ ಮಾಡುವವರು ಹಳ್ಳಿಗೆ ಮುತ್ತಿ, ಅವರನ್ನು ಚದುರಿಸಲು ಪೊಲೀಸರು ಆದೇಶ ಹೊರಡಿಸಬೇಕಾಯಿತು. ಆಮೇಲೆ ನಡೆದ ಪರಿಶೀಲನೆ, ಪತ್ರಕರ್ತರಿಗೆ ಹಿನ್ನೆಲೆ ಮಾಹಿತಿ ಕೊಡದೆ ಬಿಟ್ಟದ್ದರಿಂದ ಊಹೆಗಳಿಗೆ ಎಡೆಯಾಯಿತು ಎಂದು ಹೇಳಿತು. ಆ ಮಹಿಳೆ ನದಿಗೆ ಬಿದ್ದು ಆಕಸ್ಮಿಕವಾಗಿ ಮುಳುಗಿದ್ದರು.

ಈಗ ನಮ್ಮ ಮನೆಯ ಹುಡುಗನೋ ಹುಡುಗಿಯೋ ರಾತ್ರಿ ಹೋದವರು ಬರಲಿಲ್ಲ ಅನ್ನಿ. 24 ಗಂಟೆ ಕಾಯಬೇಕೆಂಬ ನಿಯಮ ಎಲ್ಲೂ ಇಲ್ಲ. 112ಕ್ಕೆ ಕರೆ ಮಾಡಿ, ಹತ್ತಿರದ ಠಾಣೆಗೆ ಹೋಗಿ. ಘಟನೆ ಬೇರೆ ಠಾಣೆಯ ವ್ಯಾಪ್ತಿಯದು ಎಂದು ವಾಪಸ್ ಕಳಿಸುವಂತಿಲ್ಲ. ಅಪರಾಧದ ಸೂಚನೆ ಇದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಎಲ್ಲಿ ಬೇಕಾದರೂ ಝೀರೋ ಎಫ್ಐಆರ್ ಆಗಬೇಕು. 18 ತುಂಬದವರಾದರೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಜೊತೆಗೆ ಒಯ್ಯಬೇಕಾದ್ದು: ಇತ್ತೀಚಿನ ಮುಖದ ಫೋಟೋ ಒಂದು, ಪೂರ್ತಿ ಎತ್ತರ ಕಾಣುವ ಫೋಟೋ ಇನ್ನೊಂದು, ಆ ರಾತ್ರಿ ತೊಟ್ಟ ಬಟ್ಟೆ ಚಪ್ಪಲಿಯ ವಿವರ, ಫೋನ್ ನಂಬರ್, ಫೋನಿನ ಡಬ್ಬಿ ಅಥವಾ ಬಿಲ್ಲಿನ ಮೇಲಿರುವ 15 ಅಂಕಿಯ ಐಎಂಇಐ (ಆ ಫೋನಿನ ಗುರುತಿನ ಸಂಖ್ಯೆ), ಕೊನೆಯ ಯುಪಿಐ ಪಾವತಿ, ಕ್ಯಾಬ್ ಬುಕ್ ಮಾಡಿದ ದಾಖಲೆ.

ಗಾಬರಿಯಲ್ಲಿ ಎಲ್ಲರೂ ಮಾಡುವುದು ಒಂದಿದೆ: ಹತ್ತು ಮಂದಿ ಸೇರಿ ಆ ಫೋನಿಗೆ ಕರೆ ಮಾಡುತ್ತಲೇ ಇರುವುದು. ಚಾರ್ಜ್ ಕಡಿಮೆ ಇದ್ದರೆ ಪ್ರತಿ ರಿಂಗೂ ಅದನ್ನು ತಿನ್ನುತ್ತದೆ. ಒಬ್ಬರು ಮಾತ್ರ ಒಂದು ಎಸ್ಎಂಎಸ್ ಕಳಿಸಿ: ‘ಇದ್ದಲ್ಲೇ ಇರು, 112ಕ್ಕೆ ಕರೆ ಮಾಡು, ಸುತ್ತ ಏನು ಕಾಣುತ್ತಿದೆ ಎಂದು ಬರೆ.’ ಇಂಟರ್ನೆಟ್ ಇಲ್ಲದ ಕಡೆಯೂ ಎಸ್ಎಂಎಸ್ ತಲುಪುವ ಸಾಧ್ಯತೆ ಇದೆ. ಅದೇ ರೀತಿ, ಒಟಿಪಿ ಬೇಕೆಂದು ಡೂಪ್ಲಿಕೇಟ್ ಸಿಮ್ ತೆಗೆಸಬೇಡಿ. ಹೊಸ ಸಿಮ್ ಚಾಲೂ ಆದ ಕ್ಷಣ ಹಳೆಯದು ನೆಟ್‌ವರ್ಕ್‌ನಿಂದ ಹೊರಬೀಳುತ್ತದೆ. ಫೋನ್ ಕಳುವಾಗಿದೆ ಎಂದು ಬ್ಲಾಕ್ ಮಾಡಿಸಬೇಡಿ, ದೂರದಿಂದ ಅಳಿಸುವ ಬಟನ್ ಒತ್ತಬೇಡಿ. ಗೂಗಲ್ ಅಥವಾ ಆ್ಯಪಲ್‌ನ ಫೋನ್ ಹುಡುಕುವ ಸೌಲಭ್ಯ ತೆರೆದು, ಕಂಡ ಜಾಗ ಮತ್ತು ಹೊತ್ತನ್ನು ಬರೆದುಕೊಂಡು ಪೊಲೀಸರಿಗೆ ಕೊಡಿ. ಟವರ್ ಲೊಕೇಶನ್ ತೆಗೆಸಿಕೊಡುತ್ತೇವೆ, ಇಷ್ಟು ಹಣ ಹಾಕಿ ಎನ್ನುವ ಖಾಸಗಿ ಮಂದಿ ಮೋಸಗಾರರು. ಕಂಪನಿಗಳು ಅದನ್ನು ಕೊಡುವುದು ತನಿಖಾ ಸಂಸ್ಥೆಗೆ ಮಾತ್ರ.

ಪಬ್, ಲಾಡ್ಜ್, ಪೆಟ್ರೋಲ್ ಬಂಕ್‌ಗಳ ಸಿಸಿಟಿವಿ ಕೆಲವು ದಿನಗಳಲ್ಲೇ ತನ್ನ ಮೇಲೆ ತಾನೇ ಬರೆದುಕೊಳ್ಳುತ್ತದೆ, ಎಷ್ಟು ದಿನ ಎಂಬುದು ಹಾರ್ಡ್ ಡಿಸ್ಕ್ ಗಾತ್ರದ ಮೇಲೆ. ಅಳಿಸದೆ ಇಡಿ ಎಂದು ಮೊದಲ ದಿನವೇ ಬರಹದಲ್ಲಿ ಕೇಳಿ, ಠಾಣೆಯಿಂದಲೂ ಕೇಳಿಸಿ. ಮೊಬೈಲಿನಲ್ಲಿ ತೆರೆಯ ವಿಡಿಯೋ ತೆಗೆದು ಸ್ಟೇಟಸ್ ಹಾಕಿದರೆ ಸಾಕ್ಷಿಗಳ ನೆನಪು ಆ ವಿಡಿಯೋಗೆ ತಕ್ಕಂತೆ ಬದಲಾಗಬಹುದು.

ಪೋಸ್ಟರ್ ಹಾಕುವುದಾದರೆ ಹೆಸರು, ವಯಸ್ಸು, ಫೋಟೋ, ಕೊನೆಗೆ ಕಂಡ ಜಾಗ ಮತ್ತು ದಿನಾಂಕ, ಠಾಣೆಯ ನಂಬರ್. ಅಷ್ಟೇ. ಅಪ್ಪ ಅಮ್ಮನ ನಂಬರ್ ಬೇಡವೇ ಬೇಡ. ಬೇರೊಂದು ಸಿಮ್ ತೆಗೆದು ಗಟ್ಟಿ ಮನಸ್ಸಿನ ಒಬ್ಬ ಸಂಬಂಧಿಯ ಕೈಗೆ ಕೊಡಿ. ಒಂದು ಗುರುತನ್ನು, ಕೈಯ ಮಚ್ಚೆಯೋ ಕಾಲ್ಗೆಜ್ಜೆಯೋ, ಎಲ್ಲೂ ಹೇಳದೆ ಉಳಿಸಿಕೊಳ್ಳಿ. ‘ನಿಮ್ಮ ಹುಡುಗ ನಮ್ಮ ಹತ್ತಿರ ಇದ್ದಾನೆ’ ಎಂದು ಹಣ ಕೇಳುವವನಿಗೆ ಆ ಪ್ರಶ್ನೆ ಹಾಕಿ. ಹಣ ಹೋಗಿಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದೇಣಿಗೆ ಕೊಡುವವರು ಫಾರ್ವರ್ಡ್ ಆಗಿ ಬಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ, ಮನೆಯವರನ್ನೇ ಕೇಳಿ ಖಾತೆ ತಿಳಿದುಕೊಳ್ಳಿ.

ಮಕ್ಕಳು ವಿದೇಶದಲ್ಲಿದ್ದರೆ ಅಲ್ಲಿಯ ಪೊಲೀಸ್ ದೂರಿನ ಸಂಖ್ಯೆಯೇ ಮೊದಲ ಹೆಜ್ಜೆ. ಗೆಳೆಯರು ಅಲ್ಲೇ ಹೋಗಿ ಕೊಡಲಿ. ಅದರ ಜೊತೆ ಭಾರತೀಯ ರಾಯಭಾರ ಕಚೇರಿಗೆ ಮೇಲ್ ಮಾಡಿ, ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಕಾಣೆಯಾದವರ ಪತ್ತೆಗೆ ಬೇರೆ ದೇಶಗಳ ಪೊಲೀಸರಿಗೂ ಹೋಗುವ ಇಂಟರ್‌ಪೋಲ್‌ನ ಹಳದಿ ನೋಟಿಸ್ ಎಂಬುದನ್ನು ಜನ ಅರ್ಜಿ ಹಾಕಿ ತರಿಸಲಾಗದು. ಅದು ಆಯಾ ದೇಶದ ಕೇಂದ್ರ ಘಟಕದ ಮೂಲಕ ಹೋಗಬೇಕು, ಭಾರತದಲ್ಲಿ ಆ ಕೆಲಸ ಸಿಬಿಐನದು.

ಹಂಚುವವರಿಗೆ ಎರಡು ಕಾನೂನು. ಸಾಕ್ಷ್ಯವಿಲ್ಲದೆ ಒಬ್ಬರನ್ನು ಕೊಲೆಗಾರ ಎಂದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನನಷ್ಟಕ್ಕೆ ಎರಡು ವರ್ಷದವರೆಗೆ ಸಜೆ ಹೇಳುತ್ತದೆ. ಕಾಣೆಯಾದ ಹುಡುಗಿಯ ವಿಷಯದಲ್ಲಿ ಲೈಂಗಿಕ ದೌರ್ಜನ್ಯದ ಪ್ರಕರಣ ದಾಖಲಾದರೆ, ಅವಳ ಗುರುತು ಪ್ರಕಟಿಸುವುದು ಅದೇ ಸಂಹಿತೆಯ 72ನೇ ಸೆಕ್ಷನ್ ಕೆಳಗೆ ಅಪರಾಧ. ನೀವು ನಿನ್ನೆ ಹಂಚಿದ ಪೋಸ್ಟರನ್ನೂ ಆಗ ಅಳಿಸಬೇಕು. ವ್ಯಕ್ತಿ ಸಿಕ್ಕ ಮೇಲೆ, ಹೇಗೇ ಸಿಕ್ಕಿರಲಿ, ಹಾಗೇ ಅಳಿಸಿ. ಗುಂಪಿನ ಅಡ್ಮಿನ್ ಆಗಿದ್ದರೆ ಆ ಕೆಲವು ದಿನ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಬದಲಿಸಿ, ಠಾಣೆಯ ನಂಬರ್ ಇರುವ ಪೋಸ್ಟರನ್ನು ಪಿನ್ ಮಾಡಿಡಿ. ಏನಾದರೂ ಕಂಡವರು ಆ ನಂಬರಿಗೇ ಹೇಳಲಿ.