ಅಮೆರಿಕನ್ ಆನ್ಸೆಸ್ಟರ್ಸ್ ವಂಶಾವಳಿ ಸೈಟಿನ ಸದಸ್ಯತ್ವ: ಐದು ವರ್ಷ ಬಳಸಿದ ಮೇಲೆ

ನನ್ನ ಅಳಿಯನ ಕಡೆಯವರು ಮ್ಯಾಸಚೂಸೆಟ್ಸ್‌ನ ಹಳಬರು. ಮೊಮ್ಮಗಳು ಹುಟ್ಟಿದ ವರ್ಷ, ಅಪ್ಪ ಬರೆದಿಟ್ಟಿದ್ದ ನಮ್ಮ ವಂಶಾವಳಿಯನ್ನು ಅವಳಿಗೆಂದು ಹೊಸ ಪುಸ್ತಕಕ್ಕೆ ಇಳಿಸಿದೆ. ಅಳಿಯನ ಕಡೆಯವರಿಗೆಂದು ಬಿಟ್ಟ ಎದುರಿನ ಪುಟ ಖಾಲಿ ಉಳಿಯಿತು. ಬೀಗಿತ್ತಿಯವರನ್ನು ಕೇಳಿದರೆ ಅವರಿಗೆ ಗೊತ್ತಿದ್ದದ್ದು ಇಷ್ಟೇ: ಮ್ಯಾಸಚೂಸೆಟ್ಸ್‌ನ ಇಪ್ಸ್‌ವಿಚ್ ಊರಿಗೆ ಮೊದಮೊದಲು ಬಂದ ಜಾನ್ ಪರ್ಕಿನ್ಸ್ ತಮ್ಮ ಮೂಲಪುರುಷ, ಅವನ ಮಗಳೊಬ್ಬಳನ್ನು ಮಾಟಗಾತಿ ಎಂದು ಕೋರ್ಟಿಗೆ ಎಳೆದಿದ್ದರು.

ಮೊದಲು ಬೇರೊಂದು ಕಂಪನಿಯ ವಂಶವೃಕ್ಷದ ಸೈಟಿಗೆ ಒಂದು ವರ್ಷದ ದುಡ್ಡು ಕಟ್ಟಿದೆ. ಹೆಸರು ಟೈಪ್ ಮಾಡಿದರೆ ಸಾಕು, ಮುತ್ತಜ್ಜಂದಿರು ಸಾಲಾಗಿ ಬಂದು ನಿಲ್ಲುತ್ತಿದ್ದರು. ಜನ ಅಲ್ಲಿ ಹಾಕಿದ್ದ ಎಲ್ಲ ವಂಶವೃಕ್ಷಗಳಲ್ಲೂ ಪರ್ಕಿನ್ಸ್ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ನ್ಯೂಯೆಂಟ್ ಊರಿನವನು ಎಂದಿತ್ತು. ಹತ್ತು ಜನ ಬರೆದಿದ್ದಾರೆ ಎಂದಮೇಲೆ ನಿಜವಿರಬೇಕು ಎಂದು ನಂಬಿ ಎರಡು ತಿಂಗಳು ಆ ಊರಿನ ಬೆನ್ನು ಹತ್ತಿದೆ. ಆದರೆ ಅದು 19ನೇ ಶತಮಾನದ ವಂಶಚರಿತ್ರೆಯಲ್ಲಿದ್ದ ತಪ್ಪು. ಒಬ್ಬರದನ್ನು ನೋಡಿ ಇನ್ನೊಬ್ಬರು ನಕಲು ಮಾಡುತ್ತಾ ಬಂದಿದ್ದಾರೆ. ಅವನ ನಿಜವಾದ ಊರು ವಾರಿಕ್‌ಶೈರ್‌ನ ಹಿಲ್‌ಮಾರ್ಟನ್. ಅಲ್ಲಿನ ಚರ್ಚಿನ ದಫ್ತರದಲ್ಲಿ ಅವನ ಬ್ಯಾಪ್ಟಿಸಮ್ (ದೀಕ್ಷಾಸ್ನಾನ) 1583ರಲ್ಲಿ, ಜೂಡಿತ್ ಗೇಟರ್ ಜೊತೆಗಿನ ಮದುವೆ 1608ರಲ್ಲಿ ದಾಖಲಾಗಿದೆ.

ಇದು ನನಗೆ ತಿಳಿದದ್ದು ಅಮೆರಿಕನ್ ಆನ್ಸೆಸ್ಟರ್ಸ್‌ನಿಂದ. ಬಾಸ್ಟನ್ನಿನಲ್ಲಿ 1845ರಿಂದ ಇರುವ ವಂಶಾವಳಿ ಸಂಘದ ಸೈಟು ಇದು. 1620ರಿಂದ 1640ರೊಳಗೆ ಸುಮಾರು 20,000 ಜನ ಇಂಗ್ಲೆಂಡಿನಿಂದ ನ್ಯೂ ಇಂಗ್ಲೆಂಡಿಗೆ, ಅಂದರೆ ಮ್ಯಾಸಚೂಸೆಟ್ಸ್ ಇರುವ ಅಮೆರಿಕದ ಈಶಾನ್ಯ ಭಾಗಕ್ಕೆ, ಬಂದರು. ಹೆಚ್ಚಿನವರು ಪ್ಯೂರಿಟನ್ನರು, ಇಂಗ್ಲೆಂಡಿನ ಚರ್ಚು ಶುದ್ಧವಾಗಬೇಕು ಎನ್ನುತ್ತಿದ್ದ ಕ್ರೈಸ್ತರು. ಆ ಮೊದಲ ವಲಸೆಗಾರರ ಬಗ್ಗೆ ಈ ಸಂಘ 1988ರಿಂದ ನಡೆಸುತ್ತಿರುವ ಗ್ರೇಟ್ ಮೈಗ್ರೇಶನ್ ಅಧ್ಯಯನಕ್ಕಾಗಿಯೇ ಚಂದಾ ಕಟ್ಟಬಹುದು ಎನ್ನುತ್ತೇನೆ. ಒಬ್ಬೊಬ್ಬರಿಗೂ ಒಂದು ಟಿಪ್ಪಣಿ ಇದೆ: ಎಲ್ಲಿಂದ ಬಂದ, ಯಾವಾಗ ಬಂದ, ಚರ್ಚಿಗೆ ಸೇರಿದನೇ, ಆಸ್ತಿ ಎಷ್ಟು, ಮಕ್ಕಳು ಯಾರು. ಪ್ರತಿ ಮಾತಿಗೂ ಆಧಾರ ಕೊಟ್ಟಿರುತ್ತಾರೆ, ಆಧಾರವಿಲ್ಲದ್ದನ್ನು ಇಲ್ಲ ಎಂದೇ ಬರೆಯುತ್ತಾರೆ. ನನಗೆ ಬೇಕಾಗಿದ್ದದ್ದು ಈ ಪ್ರಾಮಾಣಿಕತೆ.

ಪರ್ಕಿನ್ಸ್ ಕುಟುಂಬ ಲಯನ್ ಹಡಗಿನಲ್ಲಿ 1630ರ ಡಿಸೆಂಬರ್ 1ರಂದು ಇಂಗ್ಲೆಂಡಿನ ಬ್ರಿಸ್ಟಲ್ ಬಿಟ್ಟು ಫೆಬ್ರವರಿ 5ರಂದು ಮ್ಯಾಸಚೂಸೆಟ್ಸ್‌ಗೆ ಮುಟ್ಟಿತು. ಅಲ್ಲಿನ ಕಾಲೋನಿಯಲ್ಲಿ ಹಸಿವು, ತಾಜಾ ಹಣ್ಣು ತರಕಾರಿ ಸಿಗದೆ ಬರುವ ಸ್ಕರ್ವಿ ರೋಗ. ಹಡಗು ತಂದ ಧಾನ್ಯ, ನಿಂಬೆರಸ ಎಷ್ಟೋ ಜೀವ ಉಳಿಸಿತು. ಈ ಫೆಬ್ರವರಿಯನ್ನು ದಾಖಲೆಗಳಲ್ಲಿ 1630/31 ಎಂದು ಬರೆದಿರುವುದು ನೋಡಿ ಮೊದಲು ತಲೆ ಕೆಟ್ಟಿತ್ತು. ಆಗ ಇಂಗ್ಲಿಷರ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ನಮ್ಮ ಯುಗಾದಿ ನೆನೆಸಿಕೊಂಡರೆ ಸಲೀಸಾಗಿ ಅರ್ಥವಾಗುತ್ತದೆ: ಹಬ್ಬ ಬರುವವರೆಗೂ ಹಳೆಯ ಸಂವತ್ಸರವೇ. ವರ್ಷದ ಆರಂಭ ಜನವರಿ 1ಕ್ಕೆ ಬದಲಾದದ್ದು 1752ರಲ್ಲಿ. ಅದಕ್ಕಿಂತ ಹಿಂದಿನ ತಾರೀಖು ನೋಡುವಾಗ ಇದು ಗಮನದಲ್ಲಿರಲಿ, ಇಲ್ಲದಿದ್ದರೆ ಮದುವೆಗೆ ಮುಂಚೆ ಮಗು ಹುಟ್ಟಿಬಿಡುತ್ತದೆ.

1631ರ ಮೇ 18ರಂದು ಜಾನ್ ಪರ್ಕಿನ್ಸ್‌ಗೆ ಮತದಾನದ ಹಕ್ಕು ಸಿಕ್ಕಿತು. ಇನ್ನು ಮುಂದೆ ಚರ್ಚಿನ ಸದಸ್ಯರಲ್ಲದವರಿಗೆ ಆ ಹಕ್ಕಿಲ್ಲ ಎಂದು ನಿರ್ಣಯವಾದದ್ದೂ ಅಂದೇ. ಎರಡು ವರ್ಷಕ್ಕೆ ಇಪ್ಸ್‌ವಿಚ್‌ಗೆ ಹೋದರು.

ಮಾಟಗಾತಿ ಎನಿಸಿಕೊಂಡ ಆ ಮಗಳ ಹೆಸರು ಮೇರಿ ಬ್ರಾಡ್‌ಬರಿ. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂ ಊರಿನಲ್ಲಿ ನಡೆದ ಮಾಟಗಾತಿಯರ ವಿಚಾರಣೆಗೆ ಎಳೆದಾಗ ಆಕೆಗೆ ಎಪ್ಪತ್ತು ದಾಟಿ ಎಷ್ಟೋ ವರ್ಷವಾಗಿತ್ತು. ಆಕೆಯ ಮನೆ ಗೇಟಿನಿಂದ ನೀಲಿ ಹಂದಿಯೊಂದು ನುಗ್ಗಿ ಬಂತು ಎಂದು ಸಾಕ್ಷಿ ಹೇಳಿದರು. ಊರಿನ ನೂರಕ್ಕೂ ಹೆಚ್ಚು ಜನ ಆಕೆ ಒಳ್ಳೆಯವಳು ಎಂದು ಸಹಿ ಹಾಕಿಕೊಟ್ಟರು. ಸಹಿ ಹಾಕಿದವರ ಮೇಲೂ ಅನುಮಾನ ಬೀಳಬಹುದಾಗಿದ್ದ ಕಾಲ ಅದು. ಆದರೂ ಅಪರಾಧಿ ಎಂದೇ ತೀರ್ಪಾಯಿತು. ನೇಣಿನಿಂದ ತಪ್ಪಿಸಿಕೊಂಡು 1700ರವರೆಗೆ ಬದುಕಿದಳು. ಆ ಸಹಿಗಳ ಪಟ್ಟಿಯನ್ನು ನಾನು ಒಂದೊಂದೇ ಹೆಸರು ಓದಿದೆ, ಕಣ್ಣು ತುಂಬಿ ಬಂತು.

ಕಷ್ಟವಾಗುವುದು ಮಧ್ಯದ ಕಾಲ. 1850ಕ್ಕೆ ಮುಂಚಿನ ಅಮೆರಿಕದ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರು ಬಿಟ್ಟರೆ ಉಳಿದವರು ಬರೀ ಅಂಕಿ. ಮದುವೆಯಾದ ಹೆಣ್ಣುಮಕ್ಕಳು ಅಲ್ಲೇ ಕಳೆದುಹೋಗುತ್ತಾರೆ. ನನ್ನ ಸರಪಳಿಯ ಒಂದು ಕೊಂಡಿ ಹೀಗೆ ಎರಡು ವರ್ಷ ಸಿಗಲಿಲ್ಲ. ಕೊನೆಗೆ ಫ್ಯಾಮಿಲಿಸರ್ಚ್ ಎಂಬ ಇನ್ನೊಂದು ವಂಶಾವಳಿ ಸೈಟಿನಲ್ಲಿ, ಕಾಸು ಖರ್ಚಿಲ್ಲದೆ, ಒಬ್ಬ ತಂದೆಯ ಉಯಿಲು ಸಿಕ್ಕಿತು. ಅದರಲ್ಲಿ ಮಗಳ ಹೆಸರು ಗಂಡನ ಮನೆತನದ ಸಮೇತ ಇತ್ತು. ಹಾಗಾಗಿ ನನ್ನ ಸಲಹೆ: ಎರಡು ಸೈಟನ್ನೂ ಒಟ್ಟಿಗೆ ಬಳಸಿ. ಪೂರ್ವಜರು 1800ರ ನಂತರ ಬಂದವರಾದರೆ ಗ್ರೇಟ್ ಮೈಗ್ರೇಶನ್‌ಗಾಗಿ ಚಂದಾ ಕಟ್ಟಬೇಕಿಲ್ಲ.

ಜಾನ್ ಪರ್ಕಿನ್ಸ್‌ನ 1654ರ ಉಯಿಲು ಮೊಮ್ಮಗಳಿಗೆ ಬಹಳ ಇಷ್ಟ. ಹಿರಿಮಗನಿಗೆ ಇನ್ನೂ ಹುಟ್ಟದ ಕುದುರೆಮರಿ ಬರೆದಿದ್ದಾನೆ: ಎಳೆಯ ಕುದುರೆ ಗಬ್ಬವಾಗಿದೆ, ದೇವರು ದಯೆಯಿಟ್ಟು ಅದು ಚೆನ್ನಾಗಿ ಮರಿ ಹಾಕಿದರೆ ಅವನಿಗೆ. ಮೇರಿಗೆ ಒಂದು ಹಸು, ಜೊತೆಗೆ ಒಂದು ಕಡಸು ಅಥವಾ ಹೋರಿಕರು. ಮೇರಿಯ ಮಗ ಥಾಮಸನಿಗೆ ಒಂದು ಹೆಣ್ಣುಕುರಿ. ಎದುರಿನ ಪುಟದಲ್ಲಿ ಈಗ ಹದಿಮೂರು ತಲೆಮಾರು ಇದೆ, ಅಂಚಿನಲ್ಲಿ ಅವಳೇ ಬಿಡಿಸಿದ ಹಸುವಿದೆ. ಈ ವರ್ಷದ ಚಂದಾ ಕಟ್ಟಿದ್ದೇನೆ. ಜೂಡಿತ್ ಗೇಟರ್‌ಳ ತವರುಮನೆ ಹುಡುಕಬೇಕು.