ಊಟವೇ ಔಷಧಿ ಎಂದ ಕ್ಲಿನಿಕ್: ದಾವಣಗೆರೆಯಲ್ಲಿ ನಮ್ಮ ಹನ್ನೊಂದು ತಿಂಗಳು

ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಅಂಥ ಬಿಸಿಲಲ್ಲಿ ನನ್ನ ಮಗಳು ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದಳು. "ಫ್ಯಾನ್ ಆರಿಸಿ ಅಪ್ಪಾಜಿ, ಚಳಿ" ಅನ್ನುತ್ತಿದ್ದಳು. ಆಗಲೂ ನಮಗೆ ತಿಳಿಯಲಿಲ್ಲ. ರಕ್ತ ಕಡಿಮೆ ಇರಬೇಕು ಅಂದುಕೊಂಡು ದಾಳಿಂಬೆ ಹಣ್ಣು ತಂದುಕೊಟ್ಟೆವು. ಅವಳು ಅದನ್ನು ಬಿಡಿಸಿ ತಮ್ಮನಿಗೆ ಕೊಟ್ಟಳು.

ಅದು ಊಟ ಬಿಡುತ್ತಾ ಹೋಗುವ ಮನಸ್ಸಿನ ಕಾಯಿಲೆ ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ ಚಿಕಿತ್ಸೆ ಕೊಟ್ಟ ಕ್ಲಿನಿಕ್ ಹೆಸರು, ಡಾಕ್ಟರ್ ಹೆಸರು ಬರೆಯುತ್ತಿಲ್ಲ. ಮಗಳು ಬೇಡ ಅಂದಳು. ಊರು ಅಷ್ಟು ದೊಡ್ಡದಲ್ಲ, ಗುರುತು ಸಿಕ್ಕಿಬಿಡುತ್ತದೆ. ಅವಳ ತೂಕ ಎಷ್ಟಿತ್ತು, ಎಷ್ಟಾಯಿತು ಅಂತಲೂ ಬರೆಯುವುದಿಲ್ಲ, ಯಾಕೆಂದರೆ ಇದೇ ಕಷ್ಟದಲ್ಲಿರುವ ಮಕ್ಕಳು ಓದಿದರೆ ಮೊದಲು ಆ ಅಂಕಿಯನ್ನೇ ಹುಡುಕುತ್ತಾರೆ, ಹೋಲಿಸಿಕೊಳ್ಳುತ್ತಾರೆ. ಆದರೆ ಅಲ್ಲಿ ಏನು ಮಾಡಿದರು, ಏನು ಸರಿ ಇತ್ತು, ಏನು ಸರಿ ಇರಲಿಲ್ಲ ಅಂತ ಪೂರ್ತಿ ಹೇಳುತ್ತೇನೆ. ನೀವು ಎಲ್ಲೇ ತೋರಿಸಿದರೂ ಏನು ಕೇಳಬೇಕು ಅಂತ ಗೊತ್ತಿರಲಿ.

ಹೇಗೆ ಶುರುವಾಯಿತು ಅಂದರೆ, ಒಂದು ಮದುವೆಯಲ್ಲಿ ಸಂಬಂಧಿಕರೊಬ್ಬರು ಅವಳ ಕೆನ್ನೆ ಹಿಂಡಿ "ಏನವ್ವಾ, ಬನ್ ಆಗಿದೀಯಲ್ಲ" ಅಂದರಂತೆ. ಅದೊಂದೇ ಕಾರಣ ಅಂತಲ್ಲ. ಇಂಥ ಕಾಯಿಲೆ ಒಂದೇ ಮಾತಿನಿಂದ ಬರುವುದಿಲ್ಲ. ವಂಶದಲ್ಲಿ ಬಂದ ಗುಣ, ಆತಂಕದ ಸ್ವಭಾವ, ಎಲ್ಲವೂ ಸೇರುತ್ತವೆ ಅಂತ ಡಾಕ್ಟರ್ ಆಮೇಲೆ ಹೇಳಿದರು. ಆದರೆ ಮಗಳಿಗೆ ಇವತ್ತಿಗೂ ನೆನಪಿರುವುದು ಆ ಮಾತೇ. ಮೊದಲು ಬೆಣ್ಣೆ ದೋಸೆ ಬಿಟ್ಟಳು. ಆಮೇಲೆ ಸಂಜೆಯ ಮಂಡಕ್ಕಿ ಮೆಣಸಿನಕಾಯಿ. ಆಮೇಲೆ ಅನ್ನ. ಆಮೇಲೆ ಸೋಮವಾರ ಒಪ್ಪತ್ತು ಅಂದಳು, ಸ್ವಲ್ಪ ದಿನಕ್ಕೆ ಗುರುವಾರವೂ ಒಪ್ಪತ್ತು, ಶನಿವಾರವೂ ಒಪ್ಪತ್ತು. ನಮ್ಮವ್ವನಿಗೆ ಮೊಮ್ಮಗಳ ಭಕ್ತಿ ನೋಡಿ ಖುಷಿಯೋ ಖುಷಿ. ನನಗೂ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ. ದೇವರ ಹೆಸರಲ್ಲಿ ಊಟ ಬಿಟ್ಟರೆ ನಮ್ಮ ಮನೆಗಳಲ್ಲಿ ಯಾರೂ ಯಾಕೆ ಅಂತ ಕೇಳುವುದಿಲ್ಲ ಅಲ್ವಾ?

ನಾಲ್ಕು ತಿಂಗಳು ಮುಟ್ಟು ನಿಂತಿತ್ತು. ಅದಕ್ಕೆ ಒಬ್ಬ ಡಾಕ್ಟರ್ ಮಾತ್ರೆ ಬರೆದುಕೊಟ್ಟರು, "ಊಟ ಹೇಗೆ ಮಾಡ್ತೀಯಮ್ಮ" ಅಂತ ಕೇಳಲಿಲ್ಲ. ಇನ್ನೊಂದು ಕಡೆ, ತೂಕ ಇಳಿಸುವ ಪುಡಿ ಮಾರುವ ಅಂಗಡಿಯವರು, ಇಷ್ಟು ಸಣ್ಣ ಆಗಿದ್ದ ಹುಡುಗಿಗೆ "ಇನ್ನೊಂದು ಡಬ್ಬ ತಗೋ, ಫಿಗರ್ ಸೆಟ್ ಆಗುತ್ತೆ" ಅಂದು ಮಾರಿದ್ದರು. ಆ ಡಬ್ಬ ಅವಳ ಪುಸ್ತಕದ ಕಪಾಟಿನ ಹಿಂದೆ ಸಿಕ್ಕಿತು. ನನಗೆ ಇವತ್ತಿಗೂ ಸಿಟ್ಟು ಹೋಗಿಲ್ಲ.

ದಾರಿ ತೋರಿಸಿದ್ದು ಒಂದು ಫೋನ್ ನಂಬರ್, 14416. ಇದು ಟೆಲಿ ಮಾನಸ್ ಅಂತ, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಹನ್ನೊಂದೂವರೆಗೆ ನನ್ನ ಹೆಂಡತಿ ಅಡುಗೆಮನೆಯಲ್ಲಿ ನಿಂತು ಫೋನ್ ಮಾಡಿದಳು. ಆ ಕಡೆಯ ಹೆಣ್ಣುಮಗಳು ಅವಸರ ಮಾಡದೆ ಎಲ್ಲ ಕೇಳಿಸಿಕೊಂಡು "ಅಮ್ಮಾ, ಇದು ಹಟ ಅಲ್ಲ, ಕಾಯಿಲೆ. ಈ ವಾರವೇ ಮನೋವೈದ್ಯರಿಗೆ ತೋರಿಸಿ, ತಲೆ ಸುತ್ತಿ ಬಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ" ಅಂದರು. ಈ ಸೇವೆಗೆ ನಾನು ಐದಕ್ಕೆ ಐದೂ ಕೊಡುತ್ತೇನೆ.

ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕೇನೋ ಅಂತ ಅಂದುಕೊಂಡಿದ್ದೆವು. ಅಂಗಡಿ ಮುಚ್ಚಿ 260 ಕಿಲೋಮೀಟರ್ ವಾರ ವಾರ ಓಡಾಡುವುದು ಹೇಗೆ ಅಂತ ಚಿಂತೆ. ನಮ್ಮ ಪುಣ್ಯ, ಊರಲ್ಲೇ ಈ ಕಾಯಿಲೆ ನೋಡಿ ಅನುಭವ ಇರುವ ಮನೋವೈದ್ಯೆ ಸಿಕ್ಕರು.

ಮೊದಲ ದಿನ ಅವರು ತೂಕಕ್ಕಿಂತ ಮೊದಲು ನಾಡಿ ನೋಡಿದರು. ಮಲಗಿಸಿ ಬಿಪಿ, ನಿಲ್ಲಿಸಿ ಬಿಪಿ. ಇಸಿಜಿ. ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ. ಮೈಮೇಲೆ ಸಣ್ಣಗೆ ಕೂದಲು ಬಂದಿದ್ದನ್ನು ತೋರಿಸಿ, ದೇಹ ತನ್ನನ್ನು ಬೆಚ್ಚಗಿಟ್ಟುಕೊಳ್ಳಲು ಹೀಗೆ ಮಾಡುತ್ತದೆ ಅಂದರು. ನಾಡಿ ತುಂಬಾ ನಿಧಾನ ಇತ್ತು. ಅದಕ್ಕೆ ಎಂಟು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಕಾಯಿಲೆಯ ಹೆಸರು ಅನೊರೆಕ್ಸಿಯಾ ನರ್ವೋಸಾ, ಅಂದರೆ ದಪ್ಪ ಆಗುತ್ತೇನೆ ಅನ್ನುವ ಭಯಕ್ಕೆ ಊಟ ಬಿಡುತ್ತಾ ಹೋಗುವುದು. ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಇದೂ ಒಂದು ಅಂತ ಕೇಳಿದಾಗ ನನ್ನ ಕೈ ತಣ್ಣಗಾಯಿತು.

ಇಲ್ಲಿ ಒಂದು ವಿಷಯ ಎಲ್ಲ ಅಪ್ಪ ಅಮ್ಮಂದಿರಿಗೂ ಗೊತ್ತಿರಬೇಕು. ಆಸ್ಪತ್ರೆಗೆ ಸೇರಿಸಿದ ದಿನವೇ ನಮ್ಮವ್ವ ಹೋಳಿಗೆ, ತುಪ್ಪ ಕಟ್ಟಿಕೊಂಡು ಬಂದಿದ್ದರು. ಡಾಕ್ಟರ್ ಮೆಲ್ಲಗೆ ತಡೆದರು. ತಿಂಗಳುಗಟ್ಟಲೆ ಹಸಿದ ದೇಹಕ್ಕೆ ಒಮ್ಮೆಲೇ ಜಾಸ್ತಿ ಕೊಟ್ಟರೆ ರಕ್ತದಲ್ಲಿನ ಫಾಸ್ಫೇಟ್ ದಿಢೀರ್ ಅಂತ ಇಳಿದು ಹೃದಯಕ್ಕೇ ಅಪಾಯವಂತೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಉಪವಾಸ ಬಿದ್ದು ಬಿಡುಗಡೆಯಾದ ಸೆರೆಯಾಳುಗಳಲ್ಲಿ ಇದನ್ನು ಕಂಡಿದ್ದರಂತೆ, ಊಟ ಸಿಕ್ಕ ಮೇಲೆ ಸತ್ತವರಿದ್ದರು. ಅದಕ್ಕೇ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದರು, ರಕ್ತ ಪರೀಕ್ಷೆ ಮಾಡಿಸುತ್ತಲೇ ಇದ್ದರು. ಅವ್ವನಿಗೆ ಬೇಜಾರಾಗಬಾರದು ಅಂತ "ಅಜ್ಜಿ, ನಿಮ್ಮ ಹೋಳಿಗೆ ಬರೋ ತಿಂಗಳ ಔಷಧಿ" ಅಂದರು. ಈ ಒಂದು ಮಾತಿಗೆ ನಾನು ಆ ಡಾಕ್ಟರನ್ನು ನಂಬಿದೆ.

ಮನೆಗೆ ಬಂದ ಮೇಲೆ ನಿಜವಾದ ಕೆಲಸ. ಮನೆಯವರೇ ಊಟ ಮಾಡಿಸಿ ವಾಸಿ ಮಾಡುವ ಈ ಪದ್ಧತಿ 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದದ್ದು. ಮೂರು ಹಂತ. ಮೊದಲು ಊಟದ ಜವಾಬ್ದಾರಿ ಪೂರ್ತಿ ಅಪ್ಪ ಅಮ್ಮನದು: ಏನು, ಎಷ್ಟು, ಯಾವಾಗ, ಎಲ್ಲ ನಾವೇ ತೀರ್ಮಾನಿಸಬೇಕು. ಆಮೇಲೆ ನಿಧಾನವಾಗಿ ಅವಳ ಕೈಗೆ ವಾಪಸ್ ಕೊಡಬೇಕು. ಕೊನೆಗೆ ಓದು, ಗೆಳತಿಯರು, ಅವಳ ವಯಸ್ಸಿಗೆ ಸಹಜವಾದ ಬದುಕು. ದಿನಕ್ಕೆ ಮೂರು ಊಟ, ಮೂರು ಸಲ ತಿಂಡಿ. ಪ್ರತಿ ಸಲವೂ ನಮ್ಮಲ್ಲಿ ಒಬ್ಬರು ಪಕ್ಕದಲ್ಲಿ ಕೂರಬೇಕು, ವಾಂತಿ ಮಾಡಿಕೊಂಡುಬಿಡಬಹುದು ಅಂತ ಉಂಡ ಮೇಲೆ ಒಂದು ಗಂಟೆ ಬಚ್ಚಲಿಗೆ ಒಬ್ಬಳನ್ನೇ ಬಿಡುವ ಹಾಗಿಲ್ಲ.

ನನ್ನದು ರೆಡಿಮೇಡ್ ಬಟ್ಟೆ ಅಂಗಡಿ. ಮಧ್ಯಾಹ್ನ ಒಂದು ಗಂಟೆಗೆ ಅರ್ಧ ಶಟರ್ ಇಳಿಸಿ, ಕ್ಯಾರಿಯರ್ ಹಿಡಿದು ಅವಳ ಪಿಯು ಕಾಲೇಜಿಗೆ ಹೋಗುತ್ತಿದ್ದೆ. ಪಕ್ಕದ ಪಾರ್ಕಿನ ಬೆಂಚಿನ ಮೇಲೆ ಇಬ್ಬರೂ ಉಣ್ಣುತ್ತಿದ್ದೆವು. ಐದು ತಿಂಗಳು. ಕೆಲವು ದಿನ ಅರ್ಧ ರೊಟ್ಟಿಗೆ ಐವತ್ತು ನಿಮಿಷ. ಅಳುತ್ತಿದ್ದಳು, ಬೈಯುತ್ತಿದ್ದಳು, ಒಂದು ದಿನ ಕ್ಯಾರಿಯರನ್ನೇ ಎಸೆದಳು. ವಾದ ಮಾಡಬೇಡಿ, ಬೇಡಿಕೊಳ್ಳಲೂ ಬೇಡಿ ಅಂತ ಕೌನ್ಸೆಲರ್ ಕಲಿಸಿದ್ದರು. "ಇದು ನಿನ್ನ ಔಷಧಿ ಮಗಳೇ, ನಾನು ಇಲ್ಲೇ ಇರ್ತೀನಿ" ಅಷ್ಟೇ. ಮಿಕ್ಕಂತೆ ಕ್ರಿಕೆಟ್, ಅಂಗಡಿಗೆ ಬಂದ ಗಿರಾಕಿಗಳ ವಿಷಯ, ಏನಾದರೂ. ಊಟದ ಮಾತು, ಮೈಯ ಮಾತು ಬಿಟ್ಟು.

ಒಂದು ಕಾಲಕ್ಕೆ ನನಗೂ ತಾಳ್ಮೆ ಕೆಟ್ಟಿತ್ತು. ರಾತ್ರಿಯಿಡೀ ಮೊಬೈಲಲ್ಲಿ ಅಡುಗೆ ವಿಡಿಯೋ ನೋಡುತ್ತಾಳೆ, ಎಲ್ಲರಿಗೂ ಮಾಡಿ ಬಡಿಸುತ್ತಾಳೆ, ತಾನು ಮಾತ್ರ ಮುಟ್ಟುವುದಿಲ್ಲ. ಇದು ನಾಟಕ ಅಲ್ಲದೆ ಮತ್ತೇನು ಅಂತ ಡಾಕ್ಟರಿಗೆ ಕೇಳಿದೆ. ಆಗ ಅವರು ಅಮೆರಿಕದ ಮಿನ್ನೆಸೋಟಾದ ಕತೆ ಹೇಳಿದರು. 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಆ ಗಂಡಸರು ಅಡುಗೆ ಪುಸ್ತಕ ಓದಲು ಶುರು ಮಾಡಿದರಂತೆ, ತಟ್ಟೆಯ ಊಟವನ್ನು ಗಂಟೆಗಟ್ಟಲೆ ಎಳೆದು ತಿನ್ನುತ್ತಿದ್ದರಂತೆ, ಬೇಸಿಗೆಯಲ್ಲೂ ಚಳಿ ಅನ್ನುತ್ತಿದ್ದರಂತೆ, ಯಾರ ಜೊತೆಗೂ ಸೇರದೆ ಮಂಕಾದರಂತೆ. ಅವರಿಗೆ ಮೊದಲು ಯಾವ ಕಾಯಿಲೆಯೂ ಇರಲಿಲ್ಲ. "ಹಸಿದ ಮೆದುಳು ಹೀಗೇ ಇರುತ್ತದೆ. ಮೊದಲು ಅದಕ್ಕೆ ಊಟ ಕೊಡೋಣ, ಬುದ್ಧಿಮಾತು ಆಮೇಲೆ" ಅಂದರು. ನಾನು ಮನೆಗೆ ಬಂದು ಮಗಳ ಸ್ವೆಟರ್ ಮಡಚಿಟ್ಟೆ, ತುಂಬಾ ಹೊತ್ತು ಅಲ್ಲೇ ಕೂತಿದ್ದೆ.

ಇನ್ನು ಸರಿ ಇಲ್ಲದ್ದು. ಸಾಯಂಕಾಲ ಎರಡು ಗಂಟೆ ಕಾಯಬೇಕು, ಟೋಕನ್ ಇದ್ದರೂ. ಡಯಟಿಷಿಯನ್ ವಾರಕ್ಕೆ ಎರಡೇ ದಿನ ಬರುತ್ತಾರೆ. ಅವರು ಮೊದಲು ಕೊಟ್ಟ ಪಟ್ಟಿಯಲ್ಲಿ ಓಟ್ಸ್, ಬ್ರೌನ್ ಬ್ರೆಡ್, ಅವಕಾಡೊ! ನನ್ನ ಹೆಂಡತಿ ಆ ಹಾಳೆ ವಾಪಸ್ ಇಟ್ಟು, ನಮ್ಮ ಮನೆಯಲ್ಲಿ ರೊಟ್ಟಿ, ಮುದ್ದೆ, ಕಾಳುಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು, ಇದರಲ್ಲೇ ಬರೆದುಕೊಡಿ ಅಂದಳು. ಬರೆದುಕೊಟ್ಟರು, ಆದರೆ ಕೇಳದಿದ್ದರೆ ಕೊಡುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು, ತೂಕದ ಯಂತ್ರವನ್ನು ಎಲ್ಲರೂ ಕೂರುವ ವರಾಂಡದಲ್ಲಿ ಇಟ್ಟಿದ್ದರು. ಸಹಾಯಕಿ ಅಂಕಿಯನ್ನು ಜೋರಾಗಿ ಕೂಗಿ ಹೇಳಿದಳು. ಹೋದ ತಿಂಗಳಿಗಿಂತ ಜಾಸ್ತಿ ಇತ್ತು, ಆ ಸಹಾಯಕಿಗೆ ಅದು ಒಳ್ಳೆಯ ಸುದ್ದಿ. ಮಗಳು ಮೂರು ದಿನ ಮಾತು ಬಿಟ್ಟಳು. ಈ ಕಾಯಿಲೆಗೇ ಚಿಕಿತ್ಸೆ ಕೊಡುವ ಜಾಗದಲ್ಲಿ ಹೀಗಾಗಬಾರದಿತ್ತು. ನಾನು ಹೇಳಿದ ಮೇಲೆ ಯಂತ್ರವನ್ನು ಒಳಗಿನ ಕೋಣೆಗೆ ಹಾಕಿಸಿದರು, ಈಗ ಅಂಕಿಗೆ ಬೆನ್ನು ಮಾಡಿ ನಿಲ್ಲಿಸಿ ತೂಗುತ್ತಾರೆ. ನೀವು ಹೋದ ಕಡೆ ಮೊದಲ ದಿನವೇ ಇದನ್ನು ಕೇಳಿ.

ದುಡ್ಡು: ಮೊದಲ ಭೇಟಿಗೆ 600 ರೂಪಾಯಿ, ಆಮೇಲೆ 400. ಆಸ್ಪತ್ರೆಯ ಖರ್ಚಿಗೆ ನಮ್ಮ ವಿಮೆಯವರು "ಮಾನಸಿಕ ಕಾಯಿಲೆ, ಬರಲ್ಲ" ಅಂದುಬಿಟ್ಟರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೆಯೇ ವಿಮೆ ಕೊಡಬೇಕು. ಕ್ಲಿನಿಕ್ಕಿನವರೇ ಅದನ್ನು ನಮೂದಿಸಿ ಪತ್ರ ಬರೆದುಕೊಟ್ಟರು, ದುಡ್ಡು ಬಂತು.

ಇದೇ ಕ್ಲಿನಿಕ್‌ನವರು ಒಂದು ಭಾನುವಾರ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಇಂಥ ಕಾಯಿಲೆಗಳ ಬಗ್ಗೆ ಕಾರ್ಯಕ್ರಮ ಇಟ್ಟಿದ್ದರು. ಹೆಚ್ಚು ಜನ ಬಂದಿರಲಿಲ್ಲ. ಆದರೆ ಬಂದವರು ಎದ್ದು ಹೋಗಲಿಲ್ಲ. ಫಿಜಿ ದ್ವೀಪದ ವಿಷಯ ಹೇಳಿದರು: ಮೈಕೈ ತುಂಬಿಕೊಂಡಿರುವುದೇ ಚೆಂದ ಅನ್ನುತ್ತಿದ್ದ ಆ ಕಡೆ 1995ರಲ್ಲಿ ಟಿವಿ ಬಂತು. ಆಗ ಶಾಲಾ ಹುಡುಗಿಯರಲ್ಲಿ ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಅಂದವರು ಒಬ್ಬರೂ ಇರಲಿಲ್ಲ. ಮೂರು ವರ್ಷ ಬಿಟ್ಟು, 1998ರಲ್ಲಿ ಕೇಳಿದಾಗ ನೂರಕ್ಕೆ 11 ಹುಡುಗಿಯರು ಹೌದು ಅಂದರು. ಮೊಬೈಲ್ ಇಲ್ಲದ ಕಾಲ ಅದು. ಒಬ್ಬ ದಂತವೈದ್ಯರೂ ಮಾತಾಡಿದರು. ಎರಡು ಡೆಂಟಲ್ ಕಾಲೇಜು ಇರುವ ಊರು ನಮ್ಮದು, ಇದು ಒಳ್ಳೆಯ ಯೋಚನೆ. ಒಮ್ಮೆಲೇ ಜಾಸ್ತಿ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಎಂಬ ಕಾಯಿಲೆ ಇರುವವರ ತೂಕ ಎಷ್ಟೋ ಸಲ ಸಾಮಾನ್ಯವೇ ಇರುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ, ಮೇಲಿನ ಮುಂದಿನ ಹಲ್ಲುಗಳ ಒಳಭಾಗ ಸವೆದಿದ್ದನ್ನು ನೋಡಿ ದಂತವೈದ್ಯರಿಗೇ ಮೊದಲು ಅನುಮಾನ ಬರಬಹುದಂತೆ. ಗಂಡುಮಕ್ಕಳಿಗೂ ಬರುತ್ತದೆ, ಯಾರೂ ಅನುಮಾನ ಪಡದ ಕಾರಣ ಅವರು ಇನ್ನೂ ತಡವಾಗಿ ಬರುತ್ತಾರೆ ಅಂದರು.

ಆ ಭಾನುವಾರ ನನ್ನ ಮನಸ್ಸು ಪೂರ್ತಿ ನನ್ನ ಅಂಗಡಿಯಲ್ಲೇ ಇತ್ತು. ಜೂನ್ ಬಂದರೆ ನಮಗೆ ಯೂನಿಫಾರ್ಮ್ ಸೀಸನ್. ಇಪ್ಪತ್ತು ವರ್ಷದಿಂದ ಮಕ್ಕಳ ಸೊಂಟಕ್ಕೆ ಟೇಪ್ ಹಿಡಿದು, ಒಳಗಿನ ಹುಡುಗನಿಗೆ ಕೇಳಲಿ ಅಂತ "ಮೂವತ್ನಾಲ್ಕು!" ಅಂತ ಕೂಗುತ್ತಿದ್ದೆ. ಸಾಲಲ್ಲಿ ನಿಂತ ಮಕ್ಕಳು ನಗುತ್ತಿದ್ದರು. "ದಪ್ಪ ಇರೋರಿಗೆ ಈ ಕಲರ್ ಬೇಡಮ್ಮ" ಅಂತ ಎಷ್ಟು ಜನರಿಗೆ ಹೇಳಿದ್ದೇನೋ. ಕ್ಲಿನಿಕ್ಕಿನ ವರಾಂಡದಲ್ಲಿ ಆ ಸಹಾಯಕಿ ಕೂಗಿದ್ದೂ, ನಾನು ಕೂಗಿದ್ದೂ ಒಂದೇ. ಈ ಜೂನ್‌ನಿಂದ ಅಳತೆ ಚೀಟಿಯಲ್ಲಿ ಬರೆದು ಒಳಗೆ ಕಳಿಸುತ್ತೇವೆ. ಕೆಲಸದ ಹುಡುಗರಿಗೂ ಹೇಳಿದ್ದೇನೆ, ಮಗುವಿಗೆ ಬಟ್ಟೆ ಬಿಗಿಯಾದರೆ "ಈ ಬಟ್ಟೆ ಚಿಕ್ಕದಾಯ್ತು, ಇನ್ನೊಂದು ತೆಗಿ" ಅನ್ನಬೇಕು, "ನೀನು ದಪ್ಪ ಆದೆ" ಅನ್ನಬಾರದು ಅಂತ. ಮನೆಗೆ ಬರುವ ನೆಂಟರಿಗೂ ನಮ್ಮವ್ವ ಬಾಗಿಲಲ್ಲೇ ಹೇಳಿಬಿಡುತ್ತಾರೆ, ಹುಡುಗಿಗೆ ದಪ್ಪ ಸಣ್ಣ ಅಂತ ಏನೂ ಅನ್ನಬೇಡ್ರಪ್ಪ. "ಈಗ ಚೆನ್ನಾಗಿ ಮೈ ತುಂಬಿದೆ" ಅನ್ನುವುದೂ ಬೇಡ. ಆ ಕಾಯಿಲೆಯ ಕಿವಿಗೆ ಅದು ಬೇರೆಯೇ ಕೇಳಿಸುತ್ತದೆ.

ಕ್ಲಿನಿಕ್ಕಿಗೆ ಐದಕ್ಕೆ ನಾಲ್ಕು. ಒಂದು ಕಳೆದದ್ದು ಆ ತೂಕದ ಯಂತ್ರಕ್ಕೆ. ನಾಲ್ಕು ಕೊಟ್ಟಿದ್ದು, ನಮ್ಮನ್ನು ಬೈಯದೆ, ಅಪ್ಪ ಅಮ್ಮಂದಿರ ತಪ್ಪು ಅನ್ನದೆ, ಚಿಕಿತ್ಸೆಯನ್ನು ನಮ್ಮ ಕೈಗೇ ಕೊಟ್ಟು ಹೇಗೆ ಹಿಡಿಯಬೇಕು ಅಂತ ಕಲಿಸಿದ್ದಕ್ಕೆ.

ಈಗ ತಿಂಗಳಿಗೊಮ್ಮೆ ಹೋಗುತ್ತೇವೆ. ಪೂರ್ತಿ ವಾಸಿ ಆಯಿತು ಅಂತ ಡಾಕ್ಟರ್ ಇನ್ನೂ ಹೇಳಿಲ್ಲ, ಪರೀಕ್ಷೆ ಸಮಯದಲ್ಲಿ ಎರಡು ವಾರ ಮತ್ತೆ ಹಿಂದೆ ಸರಿದಿದ್ದಳು. ಬೆಳಗಿನ ತಿಂಡಿ, ಸಂಜೆಯ ತಿಂಡಿ ಅವಳೇ ಹಾಕಿಕೊಳ್ಳುತ್ತಾಳೆ, ರಾತ್ರಿ ಊಟಕ್ಕೆ ಇನ್ನೂ ನಾವು ಪಕ್ಕದಲ್ಲಿರುತ್ತೇವೆ. ಮುಂದಿನ ಭೇಟಿ ಶನಿವಾರ ಇದೆ. ಡಾಕ್ಟರ್ ಹತ್ತಿರ ಏನೇನು ಕೇಳಬೇಕು ಅಂತ ಈ ಸಲ ಅವಳೇ ಚೀಟಿ ಬರೆದಿಟ್ಟುಕೊಂಡಿದ್ದಾಳೆ. ನನಗೆ ತೋರಿಸಿಲ್ಲ.